ಗಂಟು ಹಾಕಿದ ದಾರ ಮತ್ತು ನಮ್ಮ ಮೊದಲ ಡಿಎಸ್‌ಎಲ್‌ಆರ್

ರೋಣದ ನಮ್ಮ ಸ್ಟುಡಿಯೋದ ಬೋರ್ಡು ಈಗ ನಮ್ಮ ಮನೆಯ ಬಚ್ಚಲಿಗೆ ಮರೆಯಾಗಿ ಸೇವೆ ಸಲ್ಲಿಸುತ್ತಿದೆ. ಅದರ ಮೇಲಿನ ಅಕ್ಷರ ಇನ್ನೂ ಚೆನ್ನಾಗಿಯೇ ಇರುವುದರಿಂದ ಸ್ನಾನಕ್ಕೆ ಹೋಗುವವರೆಲ್ಲ 'ಇಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯಲಾಗುವುದು' ಎಂಬುದನ್ನು ಓದಿಯೇ ಒಳಗೆ ಹೋಗಬೇಕು. ನಾನು ಕೆಲಸ ಬಿಟ್ಟಿದ್ದೇನೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೂ ಹೊಸದಾಗಿ ಈ ಧಂದೆಗೆ ಇಳಿಯುವವರು ಮನೆ ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಶಿರೋಳದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಪದವಿ ಮುಗಿಸಿದ್ದಾಳಂತೆ, ಮದುವೆ ಫೋಟೋ ತೆಗೆಯುತ್ತಾಳಂತೆ.

"ಕಾಕಾರ, ನನ್ನ ಹಂತೇಕ ರೊಕ್ಕ ಕಡಿಮಿ ಅದಾವ್ರಿ. ಯಾವ ಕ್ಯಾಮೆರಾ ತಗೊಳ್ಲಿ?" ಎಂದಳು.

ಇಂಥ ಪ್ರಶ್ನೆ ಬಂದಾಗ ನಾನು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು ಹೈಕೋರ್ಟಿನಂತೆ ಕೂಡುತ್ತೇನೆ. ತೀರ್ಪು ಯಾವಾಗಲೂ ಒಂದೇ. ರೊಕ್ಕ ಕಡಿಮೆ ಇದ್ದರೆ ಕ್ಯಾಮೆರಾದ ಬಾಡಿ ಹಳೆಯದು ತಗೋ, ಲೆನ್ಸು ಚಲೋದು ತಗೋ. ಬಾಡಿ ಎಂಬುದು ಸೊಸೆಯ ಸೀರೆಯ ಹಾಗೆ, ವರ್ಷ ವರ್ಷ ಹೊಸದು ಬರುತ್ತದೆ. ಲೆನ್ಸು ಅತ್ತೆಯ ಬಂಗಾರ. ಹಳೆಯ ಲೆನ್ಸು ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡು, ಒಳಗೆ ಬೂಷ್ಟಿನ ಬಲೆ ಕಂಡರೆ ಕೈಮುಗಿದು ವಾಪಸು ಕೊಡು. ಹಳೆಯ ಬಾಡಿ ಎಷ್ಟು ಸಾರೆ ಕಣ್ಣು ಮಿಟುಕಿಸಿದೆ, ಅಂದರೆ ಎಷ್ಟು ಫೋಟೋ ತೆಗೆದಿದೆ ಎಂಬುದನ್ನು ಅಂಗಡಿಯವನ ಎದುರೇ ಕಂಪ್ಯೂಟರಿನಲ್ಲಿ ತೆಗೆಸು. ಎಲ್ಲಕ್ಕಿಂತ ಹೆಚ್ಚಾಗಿ, ಲೆನ್ಸನ್ನು ನಿನ್ನ ಬಾಡಿಗೇ ಹಚ್ಚಿ, ಗುಂಡಿ ಅರ್ಧ ಒತ್ತಿ, ಅದು ತಾನಾಗಿ ತಿರುಗುತ್ತದೋ ಇಲ್ಲವೋ ನೋಡದೆ ರೊಕ್ಕ ಎಣಿಸಬೇಡ.

ಆಕೆ ಇದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡು, "ಕಡೇದ್ದು ಯಾಕ್ರಿ ಅಷ್ಟು ಒತ್ತಿ ಹೇಳಿದ್ರಿ?" ಎಂದು ಕೇಳಿದಳು. ಅದು ನಿಂತ ಕಾಲ ಮೇಲೆ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದು ನನ್ನ ಉಸ್ತಾದರ ಕಣ್ಣಿನ ಕತೆ.

ಉಸ್ತಾದರ ಹೆಸರು ಮಲ್ಲಪ್ಪ. ಸ್ಟುಡಿಯೋ ಅವರದು. ನಾನು ಮೀಸೆ ಮೂಡುವ ಮೊದಲು ಅಲ್ಲಿ ಸೇರಿದವನು, ಮೀಸೆ ಬೆಳ್ಳಗಾದ ಮೇಲೆ ಪಾಲುದಾರನಾದೆ. ನಡುವಿನ ಭಡ್ತಿಗಳ ಬಗ್ಗೆ ಹೇಳುವುದೇನೂ ಇಲ್ಲ. ಮೊದಲು ಕತ್ತಲೆ ಕೋಣೆಯ ನೀರು ಚೆಲ್ಲುತ್ತಿದ್ದೆ, ಆಮೇಲೆ ಕತ್ತಲೆ ಕೋಣೆಯೇ ಹೋಯಿತು.

ಮದುವೆ, ಸೀಮಂತ, ಶಾಲೆಯ ಗುಂಪು ಎಲ್ಲವನ್ನೂ ತೆಗೆಯುತ್ತಿದ್ದರೂ ಉಸ್ತಾದರ ಹೆಸರು ಇದ್ದದ್ದು ಬೇರೆಯದಕ್ಕೆ. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಅವರನ್ನು ಕೂಡಿಸುತ್ತಾರೆ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹಾರ ಹಾಕಿ, ಭಜನೆಯವರನ್ನು ಕರೆಸುವುದರ ಜೊತೆಗೆ ಫೋಟೋದವನನ್ನೂ ಕರೆಸುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಹಿರಿಯರ ಬದುಕಿನ ಮೊದಲ ಫೋಟೋ ಅದೇ ಆಗಿರುತ್ತಿತ್ತು. ಗೋಡೆಗೆ ಹಾಕಲು ಕಣ್ಣು ಮುಚ್ಚಿದ ಮುಖ ನಡೆಯುವುದಿಲ್ಲ. ಹೀಗಾಗಿ ಉಸ್ತಾದರು ಆ ಫೋಟೋದ ಮೇಲೆ ಸಣ್ಣ ಕುಂಚದಿಂದ ಕಣ್ಣು ತೆರೆಯುತ್ತಿದ್ದರು. ಮೊದಲು ಮಗನನ್ನೋ ಮಗಳನ್ನೋ ಎದುರಿಗೆ ಕೂಡಿಸಿಕೊಂಡು ಅವರ ಕಣ್ಣು ನೋಡುತ್ತಿದ್ದರು. "ಅಪ್ಪನ ಕಣ್ಣ ಎಲ್ಲೂ ಹೋಗಿರೂದಿಲ್ಲೋ ಬಸ್ಯಾ, ಮಕ್ಕಳ ಮಾರ್ಯಾಗ ಎಲ್ಲ್ಯಾರ ಇಟ್ಟಿರ್ತಾನ" ಎಂದು ನನಗೆ ಹೇಳುವರು. ಫೋಟೋ ಮನೆಗೆ ಹೋದಾಗ ಹೆಂಗಸರು ಅದರ ಮುಂದೆ ಅತ್ತಿತ್ತ ಸರಿದು, "ಎಲ್ಲಿ ನಿಂತ್ರೂ ನನ್ನ ನೋಡತಾರ" ಎಂದು ಅಳುತ್ತಿದ್ದರು. ಅಳು ಬಂದರೆ ಕೆಲಸ ಪಾಸಾದಂತೆ. ನಮ್ಮ ಧಂದೆಯಲ್ಲಿ ಗಿರಾಕಿ ಅಳುವುದು ಸಂತೋಷದ ಸಂಗತಿ.

ಒಮ್ಮೆ ಇಟಗಿಯ ಮನೆಯೊಂದರಿಂದ ಅಂಥ ಫೋಟೋ ವಾಪಸು ಬಂತು. ತಂದ ಮಗ ಸಂಕೋಚದ ಮನುಷ್ಯ. ಬಹಳ ಹೊತ್ತು ಕೂತು ಚಹಾ ಕುಡಿದ ಮೇಲೆ, "ನಮ್ಮಪ್ಪ ಮೆಳ್ಳಗಣ್ಣಿನವ ಇರ್ಲಿಲ್ರಿ, ಉಸ್ತಾದ್" ಎಂದ.

ಉಸ್ತಾದರು ಫೋಟೋ ಇಸಿದುಕೊಂಡು ಹೊರಗೆ ಬಿಸಿಲಿಗೆ ಒಯ್ದರು, ಹತ್ತಿರ ಹಿಡಿದರು, ದೂರ ಹಿಡಿದರು. ಆತ ಹೋದ ಮೇಲೆ ಕುಂಚವನ್ನು ನನ್ನ ಕೈಗೆ ಕೊಟ್ಟರು.

"ಎಡಗಣ್ಣಿಂದು ಹೋಗಿ ಭಾಳ ದಿನಾ ಆತು. ಅದಕ್ಕ ನಾ ಚಿಂತಿ ಮಾಡ್ಲಿಲ್ಲ. ಫೋಟೋದವರಿಗಿ ಎಡಗಣ್ಣ ಇರೂದ ಮುಚ್ಚಿಗೊಳ್ಳಾಕ. ಈಗ ಬಲಗಣ್ಣಾಗೂ ಹೊಗಿ ಕೂತಂಗ ಆಗೇತಿ."

ಹುಬ್ಬಳ್ಳಿಯ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಇರುವಷ್ಟು ದಿನ ಇಟ್ಟುಕೊಳ್ಳಬಹುದು ಎಂದರು ಡಾಕ್ಟರು. ವಾಪಸು ಬರುವಾಗ ನರಗುಂದದ ಗುಡ್ಡ ಹಿಂದೆ ಬಿದ್ದ ಮೇಲೆ ಉಸ್ತಾದರು ಒಂದೇ ಮಾತು ಹೇಳಿದರು.

"ಯಾರಿಗೂ ಹೇಳಬ್ಯಾಡ. ನೀಲವ್ವಗ ಮೊದಲ ಹೇಳಬ್ಯಾಡ."

ನೀಲವ್ವ ಎಂದರೆ ಅವರ ಹೆಂಡತಿ. ಸ್ಟುಡಿಯೋದ ಹಿಂದೆಯೇ ಮನೆ. ಹೇಳಬಾರದ ಗುಟ್ಟನ್ನು ಆಕೆ ನಮಗಿಂತ ಮೊದಲೇ ತಿಳಿದುಕೊಂಡಿದ್ದಳು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಉಸ್ತಾದರ ತಾಟಿನಲ್ಲಿ ಪಲ್ಯ ಯಾವಾಗಲೂ ಬಲಕ್ಕೆ, ಚಟ್ನಿ ಎಡಕ್ಕೆ, ಒಂದು ದಿನವೂ ಜಾಗ ತಪ್ಪುತ್ತಿರಲಿಲ್ಲ.

ಅದೇ ಹೊತ್ತಿಗೆ ಎಲ್ಲ ಊರುಗಳಲ್ಲೂ ಡಿಎಸ್‌ಎಲ್‌ಆರ್ ಬರಲು ಶುರುವಾಗಿತ್ತು. ಅದನ್ನು ಉಸ್ತಾದರು 'ರೀಲಿಲ್ಲದ ಡಬ್ಬಿ' ಎಂದು ಕರೆದು, ಸಾಧ್ಯವಾದಷ್ಟು ಅವಮಾನ ಮಾಡಿಯಾಗಿತ್ತು. ಒಂದು ಮುಂಜಾನೆ ಅವರೇ ಕೇಳಿದರು.

"ಲೇ ಬಸ್ಯಾ, ಆ ಡಬ್ಬಿ ತಾನ ಫೋಕಸ್ ಮಾಡತೈತಂತಲ್ಲ, ಖರೇನ?"

"ಖರೇರಿ. ಅರ್ಧ ಒತ್ತಿದ್ರ ಕುಂಯ್ ಅಂತ ತಿರುಗಿ ತಾನ ನಿಂದರತೈತಿ."

"ಅಂದ್ರ ಅದಕ್ಕ ಕಣ್ಣ ಅದಾವ."

"ಅದಾವ್ರಿ."

"ಹಂಗಾದ್ರ ತಗೊಳ್ಳೂಣು" ಎಂದರು. ಜೀವಮಾನದಲ್ಲಿ ಅವರು ಇಷ್ಟು ಲಗೂ ಒಪ್ಪಿದ್ದು ನಾನು ಕಂಡಿಲ್ಲ. ಮದುವೆಯ ಹಂಗಾಮು ಬರುವುದರಲ್ಲಿತ್ತು. ಗಜೇಂದ್ರಗಡದ ನೇಕಾರರ ಮನೆಯಿಂದ ಆಗಲೇ ವೀಳ್ಯ ಬಂದಿತ್ತು, ಮತ್ತು ಉಸ್ತಾದರೇ ಬರಬೇಕು ಎಂಬ ಕರಾರೂ ಬಂದಿತ್ತು. ಆ ಕ್ಯಾಮೆರಾ ಕಂಡದ್ದನ್ನು ಇವರು ಒತ್ತಿದರಾಯಿತು, ಕಣ್ಣಿನ ಸುದ್ದಿ ಯಾರಿಗೂ ತಿಳಿಯುವುದಿಲ್ಲ. ನಮ್ಮ ಯೋಜನೆ ಇಷ್ಟೇ.

ಹುಬ್ಬಳ್ಳಿಯ ಅಂಗಡಿಯಲ್ಲಿ ನಾವು ಹೆಣ್ಣು ನೋಡಲು ಹೋದವರಂತೆ ಕುಳಿತೆವು. ಇದ್ದ ರೊಕ್ಕದಲ್ಲಿ ಹೊಸ ಬಾಡಿಯ ಮಾತೇ ಇರಲಿಲ್ಲ. ಒಂದು ಹಳೆಯ ಬಾಡಿ ಸಿಕ್ಕಿತು, ಅದರ ಜೊತೆಗಿದ್ದ ಲೆನ್ಸನ್ನು ಮೊದಲಿನ ಮಾಲೀಕ ಬೇರೆಯಾಗಿ ಮಾರಿಕೊಂಡಿದ್ದ. ಲೆನ್ಸು ಬೇಕಲ್ಲ. ಐವತ್ತು ಎಂ.ಎಂ. ಅಳತೆಯವು ಎರಡು ನಮೂನೆ ತಂದಿಟ್ಟರು. ಎರಡೂ ಕೈಯಲ್ಲಿ ಹಿಡಿದರೆ ಒಂದೇ ಗಾಜು, ಒಂದೇ ಬೆಳಕು. ಒಂದರ ಬೆಲೆ ಇನ್ನೊಂದರ ಎರಡರಷ್ಟು.

"ಏನ್ ಫರಕ್ ಐತ್ರಿ?" ಎಂದರು ಉಸ್ತಾದರು.

"ಇದರಾಗ ಮೋಟಾರ್ ಐತ್ರಿ" ಎಂದ ಅಂಗಡಿಯವನು, ತುಟ್ಟಿಯದನ್ನು ತೋರಿಸಿ.

ಉಸ್ತಾದರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಮೋಟಾರ್ ಹಚ್ಚಿ ಬಾವಿ ನೀರ ಎತ್ತಬೇಕೇನ? ಈ ಸಸ್ತಾದರ ಮ್ಯಾಲೆ ಏನ ಬರದೈತಿ ಓದು." ಅದರ ಮೇಲೆ ಎಎಫ್ ಎಂದು ಬಿಳಿ ಅಕ್ಷರದಲ್ಲಿ ಮೂಡಿಸಿದ್ದರು. ಎಎಫ್ ಎಂದರೆ ತಾನೇ ಫೋಕಸ್ ಮಾಡುವುದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬರೆದದ್ದರ ಮೇಲೆ ನಂಬಿಕೆ ಇಡುವ ಕಾಲದವರು ನಾವು. ಕಡಿಮೆ ಬೆಲೆಯದನ್ನು ತೆಗೆದುಕೊಂಡು, ಉಳಿದದ್ದರಲ್ಲಿ ಒಂದು ಚೀಲ ಕೊಂಡು, ಗಿರಮಿಟ್ ತಿಂದು, ಪೇಟೆಯವರನ್ನು ಸೋಲಿಸಿದ ಗತ್ತಿನಲ್ಲಿ ಬಸ್ಸು ಹತ್ತಿದೆವು.

ಸೋತದ್ದು ಯಾರು ಎಂಬುದು ರೋಣಕ್ಕೆ ಬಂದ ಮೇಲೆ ತಿಳಿಯಿತು. ಗುಂಡಿ ಅರ್ಧ ಒತ್ತಿದೆವು, ಪೂರ್ತಿ ಒತ್ತಿದೆವು. ಲೆನ್ಸು ತಪಸ್ಸಿಗೆ ಕುಳಿತಂತೆ ಸುಮ್ಮನಿತ್ತು. ಆಮೇಲೆ ಗದಗಿನ ಪರಿಚಯದವರೊಬ್ಬರಿಗೆ ಫೋನು ಮಾಡಿ ಕೇಳಿದಾಗ ವಿಷಯ ಗೊತ್ತಾಯಿತು. ಆ ಲೆನ್ಸಿನೊಳಗೆ ತಿರುಗಿಸುವ ಯಂತ್ರವಿಲ್ಲ, ಅದನ್ನು ಬಾಡಿಯೇ ತಿರುಗಿಸಬೇಕು. ಸಸ್ತಾ ಬಾಡಿಗಳಲ್ಲಿ ಆ ಯಂತ್ರ ಇರುವುದಿಲ್ಲ. ನಾವು ಕೊಂಡದ್ದು ಸಸ್ತಾ ಬಾಡಿ. ಮೋಟಾರಿಲ್ಲದ ಬಾಡಿಗೆ ಮೋಟಾರಿಲ್ಲದ ಲೆನ್ಸು ಕೂಡಿತ್ತು. ಜಾತಕ ನೋಡದೆ ಮದುವೆ ಮಾಡಿದ್ದೆವು.

"ನಾಳೆ ಹೋಗಿ ಬದಲ ಮಾಡ್ಕೊಂಡ ಬರ್ತೀನ್ರಿ" ಎಂದೆ.

"ಏನಂತ ಹೇಳ್ತಿ? ಇಷ್ಟ ವರ್ಷ ಕೈಲೆ ಫೋಕಸ್ ಮಾಡಿದ ಮಲ್ಲಪ್ಪಗ ಈಗ ಕೈಲೆ ಆಗೂದಿಲ್ಲ ಅಂತೇನ? ಹುಬ್ಬಳ್ಳ್ಯಾಗ ಅಂದದ್ದು ರೋಣದಾಗ ಕೇಳಸ್ತೈತಿ." ಅವರು ಫೋಕಸಿಗೆಂದು ಲೆನ್ಸಿನ ಸುತ್ತ ಇರುವ ಬಳೆಯನ್ನು ಅತ್ತಿತ್ತ ತಿರುಗಿಸುತ್ತ ಕುಳಿತರು. ಕಣ್ಣಿಗೆ ಹಚ್ಚಿದ ಕಿಂಡಿಯಲ್ಲಿ ಎಲ್ಲ ಹೊಗೆ. ಬಳೆ ಎಲ್ಲಿ ನಿಂತರೂ ಅದೇ ಹೊಗೆ.

ಮರುದಿನ ಬನಿಯನ್ ಮೇಲೆಯೇ ಸ್ಟುಡಿಯೋಕ್ಕೆ ಬಂದರು, ಗಡ್ಡ ಕೂಡ ಮಾಡಿರಲಿಲ್ಲ. ಕೈಯಲ್ಲಿ ದಾರ ಇತ್ತು. ಹಿಂದೆ ಡಬ್ಬಿ ಕ್ಯಾಮೆರಾ ಇದ್ದ ಕಾಲದಲ್ಲಿ ಅವರ ಗುರುಗಳು ದೂರವನ್ನು ದಾರದಿಂದ ಅಳೆಯುತ್ತಿದ್ದರಂತೆ. ಲೆನ್ಸಿನ ಬಳೆಯನ್ನು ಒಂದು ದೂರಕ್ಕೆ ನಿಲ್ಲಿಸಿ, ಅಲುಗಾಡದಂತೆ ಕರೆಂಟಿನವರ ಕರಿ ಟೇಪು ಸುತ್ತಿದೆವು. ಕ್ಯಾಮೆರಾದ ಪಟ್ಟಿ ಸಿಕ್ಕಿಸುವ ಕೊಂಡಿಗೆ ದಾರ ಕಟ್ಟಿದೆವು. ಇನ್ನು ಆ ದೂರಕ್ಕೆ ಸರಿಯಾಗಿ ಗಂಟು ಹಾಕಬೇಕು. ಉಸ್ತಾದರು ಸ್ಟೂಲಿನ ಮೇಲೆ ಕುಳಿತು ದಾರದ ಇನ್ನೊಂದು ತುದಿಯನ್ನು ತಮ್ಮ ಹುಬ್ಬಿಗೆ ಹಿಡಿದುಕೊಂಡರು. ನಾನು ಹಿಂದೆ ಮುಂದೆ ಸರಿದು, ಕಿಂಡಿಯಲ್ಲಿ ಅವರ ರೆಪ್ಪೆಗೂದಲು ಒಂದೊಂದಾಗಿ ಬಿಡಿಸಿಕೊಂಡ ಜಾಗದಲ್ಲಿ ನಿಂತೆ.

"ಇತ್ತ ನೋಡ್ರಿ ಉಸ್ತಾದ್."

ಅದೇ ಹೊತ್ತಿಗೆ ಒಳಬಾಗಿಲಿನಿಂದ ನೀಲವ್ವ, "ಚಾ ತರ್ಲೇನ್ರೀ?" ಎಂದಳು. ಅವರ ಕಣ್ಣು ಆ ಕಡೆ ಹೋಯಿತು, ನನ್ನ ಬೆರಳು ಗುಂಡಿ ಒತ್ತಿತು. ಫೋಟೋ ಕೆಟ್ಟಿತು ಎಂದುಕೊಂಡೆ. ಆದರೆ ದೂರ ಸರಿಯಾಗಿತ್ತು. ಹುಬ್ಬಿಗೆ ತಾಗಿದಲ್ಲಿಯೇ ದಾರಕ್ಕೆ ಗಂಟು ಬಿತ್ತು. ಆ ಡಿಎಸ್‌ಎಲ್‌ಆರ್ ತೆಗೆದ ಮೊದಲ ಫೋಟೋ ಅದು. ಅಳಿಸಲಿಲ್ಲ, ಕಾರಣ ಏನೂ ಇರಲಿಲ್ಲ.

ಗಜೇಂದ್ರಗಡದ ಮದುವೆಯಲ್ಲಿ ದಾರ ತನ್ನ ಪ್ರತಾಪ ತೋರಿಸಿತು. ಗುಂಪಿನ ಫೋಟೋ ನನ್ನ ಪಾಲು, ಹಳೆಯ ರೀಲಿನ ಕ್ಯಾಮೆರಾದಲ್ಲಿ. ಮುಖದ ಫೋಟೋ ಬಂದಾಗ ಉಸ್ತಾದರು ಕ್ಯಾಮೆರಾ ಎತ್ತುವರು, ನಾನು ಗಂಟನ್ನು ಒಯ್ದು ಮದುಮಗಳ ಹಣೆಗೆ ಮುಟ್ಟಿಸುವೆ, ದಾರ ಬಿಗಿಯಾದಾಗ ಬಿಟ್ಟು ಬದಿಗೆ ಸರಿದು "ಹೂಂ" ಎನ್ನುವೆ, ಅವರು ಒತ್ತುವರು. ಮೊದಲು ಮದುಮಗಳು, ಆಮೇಲೆ ಮದುಮಗ, ಆಮೇಲೆ ಬೀಗರು. ದಾರಕ್ಕೆ ಅರಿಶಿನದ ಕೈ ತಾಗಿ ಹಳದಿಯಾಯಿತು. ಮುಖಗಳೆಲ್ಲ ಕೊರೆದಿಟ್ಟಂತೆ ಬಂದವು.

ಕೆಲವೇ ದಿನಗಳಲ್ಲಿ ಅದೇ ಓಣಿಯಲ್ಲಿ ಇನ್ನೊಂದು ಮದುವೆ. ನಾನು ಗಡಿಬಿಡಿಯಲ್ಲಿ ಒಬ್ಬ ಮುದುಕಿಯ ಹಣೆಗೆ ಗಂಟು ಮುಟ್ಟಿಸುವುದನ್ನು ಬಿಟ್ಟೆ. ಆಕೆ ಉಸ್ತಾದರನ್ನೇ ತಡೆದು ನಿಲ್ಲಿಸಿದಳು.

"ಯಾಕೋ ಯಪ್ಪಾ, ನನಗ್ಯಾಕ ದಾರದ ಶಾಸ್ತ್ರ ಮಾಡ್ಲಿಲ್ಲ? ಮುತ್ತೈದೇರಿಗಿ ಅಷ್ಟ ಏನು?"

ಉಸ್ತಾದರು ಗಂಭೀರವಾಗಿ, "ತಪ್ಪಾತ್ಬೇ ಯಮ್ಮಾ. ಬಸ್ಯಾ, ಯಮ್ಮಗ ಶಾಸ್ತ್ರ ಮಾಡು" ಎಂದರು. ನಾನು ಮಾಡಿದೆ. ಆಕೆ ಕಣ್ಣು ಮುಚ್ಚಿ ಕೈಮುಗಿದಳು. ಹೊರಗೆ ಬಂದು ಟ್ರಾಕ್ಸ್ ಗಾಡಿಯ ಹಿಂದೆ ನಿಂತು ಉಸ್ತಾದರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. "ಧರ್ಮ ಹಿಂಗ ಹುಟ್ಟತಾವ ನೋಡೋ" ಎಂದರು. ಅವರು ಅಷ್ಟು ನಕ್ಕದ್ದು ಅದೇ ಕೊನೆ.

ಗುಟ್ಟು ಹೊರಬಿದ್ದದ್ದು ನರಗುಂದದಲ್ಲಿ, ಕಾಳಿನ ವ್ಯಾಪಾರಿಯೊಬ್ಬರ ಮಗಳ ಮದುವೆಯಲ್ಲಿ. ಅಷ್ಟು ಹೊತ್ತಿಗೆ ಬಲಗಣ್ಣಿನ ಹೊಗೆ ಗೋಡೆಯಾಗಿತ್ತು. ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತಿನಲ್ಲಿ ಜನ ಮದುಮಕ್ಕಳ ಕಡೆ ನುಗ್ಗಿದರು, ದಾರ ಎಲ್ಲೋ ಸಿಕ್ಕಿಕೊಂಡಿತು, ನಾನು ಆಚೆ ಬದಿಗೆ ಬಿದ್ದೆ. "ಉಸ್ತಾದ್, ತೆಗೀರಿ, ತೆಗೀರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಉಸ್ತಾದರು ದನಿ ಬಂದ ಕಡೆ ತಿರುಗಿದರು. ಮದುಮಕ್ಕಳಿಗೆ ಬೆನ್ನು ಕೊಟ್ಟು, ಹಂದರದ ಕಂಬವೊಂದನ್ನು ಮೇಲಿಂದ ಮೇಲೆ ತೆಗೆಯುತ್ತ ನಿಂತರು. ಬೆಳಕು ಪಕ್ ಪಕ್ ಎಂದು ಹೊಡೆಯುತ್ತಿತ್ತು. ಅಕ್ಕಿಕಾಳು ಅವರ ಬೆನ್ನ ಮೇಲೆ ಬೀಳುತ್ತಿದ್ದವು.

ನಾನು ನುಗ್ಗಿ ಕ್ಯಾಮೆರಾ ತೆಗೆದುಕೊಂಡೆ, ಇದ್ದಷ್ಟನ್ನು ಹಿಡಿದೆ. ಆದರೆ ವ್ಯಾಪಾರಿ ನೋಡಿಯಾಗಿತ್ತು. ಆತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹತ್ತಿರ ಬಂದು ಉಸ್ತಾದರ ಕೈ ಹಿಡಿದುಕೊಂಡು, "ಮಲ್ಲಪ್ಪ, ನಮ್ಮಪ್ಪನ ಕಣ್ಣ ತೆರದ ಕೊಟ್ಟಾವ ನೀನು. ಬಾ, ಕೂಡು" ಎಂದು, ಬೀಗರ ಜೊತೆ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸಿದ.

ಹೊಸಬರಿಗೆ ಇದರ ಅರ್ಥ ಹೇಳಬೇಕು. ಮದುವೆಯಲ್ಲಿ ಫೋಟೋದವನು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ, ಅಡುಗೆಯವರ ಜೊತೆ, ಹೋಳಿಗೆ ಮುಗಿದ ಮೇಲೆ. ಎಲ್ಲರೂ ಉಣ್ಣುವುದನ್ನು ತೆಗೆದ ಮೇಲೆಯೇ ಅವನ ಊಟ. ಉಸ್ತಾದರು ಜೀವಮಾನವಿಡೀ ಆರಿದ ಅನ್ನ ಉಂಡವರು. ಆ ದಿನ ಅವರ ಎಲೆಗೆ ಬಿಸಿ ಹೋಳಿಗೆ, ತುಪ್ಪ ಬಿತ್ತು. ಅವರು ಕೈಯಿಂದ ಎಲೆಯನ್ನು ತಡವಿ ನೋಡಿ, ಹೋಳಿಗೆ ಮುಟ್ಟಿ, ನನ್ನನ್ನು ಕರೆದರು.

"ಬಸ್ಯಾ, ಹೋಳಿಗಿ ಬಿಸಿ ಅದಾವ. ಇನ್ನ ನಾ ಫೋಟೋದಾವ ಅಲ್ಲೋ."

ಆಮೇಲೆ ಅವರು ಕ್ಯಾಮೆರಾ ಮುಟ್ಟಲಿಲ್ಲ. ಸ್ಟುಡಿಯೋದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಕ್ಯಾಮೆರಾದ ಸದ್ದಿನ ಮೇಲೆ, "ಅಲುಗ್ಯಾಡಿತು, ಇನ್ನೊಂದ ತೆಗಿ" ಎನ್ನುತ್ತಿದ್ದರು. ಅವರ ಅಂದಾಜು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ಒಂದೆರಡು ಹಂಗಾಮು ಕಳೆದ ಮೇಲೆ ನಾನು ಮೋಟಾರಿನ ಲೆನ್ಸು ಕೊಂಡು ತಂದು ಅವರ ಕೈಗೆ ಕೊಟ್ಟೆ. ಗುಂಡಿ ಅರ್ಧ ಒತ್ತಿ, ಕಿವಿಯ ಹತ್ತಿರ ಹಿಡಿದು, ಅದು ಕುಂಯ್ ಎನ್ನುವುದನ್ನು ಕೇಳಿದರು. "ಚಲೋ ಐತಿ" ಎಂದು ವಾಪಸು ಕೊಟ್ಟರು. ಆ ಲೆನ್ಸು ಬೇಕಾಗಿದ್ದವರಿಗೆ ಅದು ಬಂದು ಮುಟ್ಟಿದ್ದು ಹೀಗೆ.

ಅವರು ತೀರಿಕೊಂಡ ಬೆಳಿಗ್ಗೆ ಅವರನ್ನೂ ಕೂಡಿಸಿದರು. ವಿಭೂತಿ, ರುಮಾಲು, ಹಾರ. ಫೋಟೋದವನನ್ನು ಕರೆಯಲು ಯಾರೂ ಹೋಗಬೇಕಾಗಿರಲಿಲ್ಲ, ನಾನು ಅಲ್ಲೇ ಇದ್ದೆ. ಮೋಟಾರಿನ ಲೆನ್ಸು ಚೀಲದಲ್ಲೇ ಉಳಿಯಿತು. ಟೇಪು ಸುತ್ತಿದ ಹಳೆಯದನ್ನು ಹಚ್ಚಿ, ಹಳದಿ ದಾರ ಕಟ್ಟಿ, ಗಂಟನ್ನು ಒಯ್ದು ಅವರ ಹಣೆಯ ವಿಭೂತಿಗೆ ಮುಟ್ಟಿಸಿದೆ. ಹಿಂದಕ್ಕೆ ಬಂದು ನಿಂತೆ. ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಯಾರಾದರೂ ಹೇಳಬೇಕಲ್ಲ.

ಗೋಡೆಗೆ ಒರಗಿ ಕುಳಿತಿದ್ದ ನೀಲವ್ವ, "ಹೂಂ" ಎಂದಳು.

ಗೋಡೆಗೆ ಹಾಕುವ ಫೋಟೋದ ಸಮಯ ಬಂದಾಗ, ನಾನು ಅದನ್ನು ನರಗುಂದದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಸರೋಜಾಳ ಹತ್ತಿರ ಒಯ್ದೆ. ಈಗ ಕುಂಚವಿಲ್ಲ, ಮಕ್ಕಳ ಮುಖ ನೋಡುವುದೂ ಇಲ್ಲ. ಆಕೆಯ ಕಂಪ್ಯೂಟರಿನಲ್ಲಿ ಕಣ್ಣುಗಳು ಸಾಲಾಗಿ ಇರುತ್ತವೆ, ಬೇಕಾದ ಜೋಡಿ ಎತ್ತಿ ಇಡುವುದು. ಕೆಲಸ ಚೊಕ್ಕಾಗಿ ಮಾಡಿಕೊಟ್ಟಳು. ಆದರೆ ಅದೇ ಕಣ್ಣು ಮೂರು ತಾಲೂಕಿನ ಎಷ್ಟೋ ಗೋಡೆಗಳಿಂದ ನನ್ನನ್ನು ನೋಡಿದೆ. ನೀಲವ್ವ ಫೋಟೋ ಹಿಡಿದುಕೊಂಡು ಅತ್ತಿತ್ತ ಸರಿದಳು. ಎಲ್ಲಿ ನಿಂತರೂ ಅದು ಆಕೆಯನ್ನು ನೋಡಿತು. ಆಕೆ ಅಳಲಿಲ್ಲ.

"ಬಸಣ್ಣ, ಇಂವ ಯಾವನೋ ಕಾಣೆ. ಹಿಂಗ ದಿಟ್ಟಿಸಿ ನೋಡೂ ಮನುಷ್ಯಾನ ಅಲ್ಲ ಅವ್ರು."

ಆಗ ನೆನಪಾಯಿತು. ಮೊಟ್ಟಮೊದಲ ಫೋಟೋ ತೆಗೆದು ತೋರಿಸಿದೆ. ಬನಿಯನ್, ಗಡ್ಡ, ಹುಬ್ಬಿಗೆ ಹಿಡಿದ ದಾರ, ಬದಿಗೆ ಹೋದ ಕಣ್ಣು. ಆಕೆ ಬಹಳ ಹೊತ್ತು ನೋಡಿದಳು.

"ಇದು ನಾ ಚಾ ಕೇಳಿದಾಗಿಂದು."

"ಹೌದ್ರಿ ಅಕ್ಕಾ. ನೋಟ ಹೊಳ್ಳೇತಿ. ಸರೋಜಾಗ ಹೇಳಿದ್ರ ಕಣ್ಣ ನಡುವಕ ತರ್ತಾಳ. ದಾರ ಅಳಸ್ತಾಳ. ಬೇಕಾದ್ರ ಕೋಟ ಹಾಕ್ತಾಳ."

"ಹುಟ್ಟಿದಾಗಿಂದ ಕೋಟ ಹಾಕಿಲ್ಲ ಅವ್ರು. ಏನೂ ಮುಟ್ಟಬ್ಯಾಡ್ರಿ."

ನೆಂಟರಲ್ಲಿ ಹಿರಿಯರೊಬ್ಬರು, "ಬನಿಯನ್ ಮ್ಯಾಲೆ ಗ್ವಾಡಿ ಏರಸ್ತೀರೇನ್ರಿ? ಮಂದಿ ಏನಂದಾರು?" ಎಂದು ತಕರಾರು ತೆಗೆದರು. ನೀಲವ್ವ ಅವರಿಗೆ ಚಹಾ ಕೊಟ್ಟಳು.

ಪಡಸಾಲೆಯಲ್ಲಿ ಬಾಗಿಲಿಗೆ ಎದುರಾದ ಗೋಡೆಯೇ ಹಿರಿಯರ ಗೋಡೆ. ಬಂದವರಿಗೆಲ್ಲ ಮೊದಲು ಕಾಣಬೇಕು ಎಂಬುದು ರೂಢಿ. ನಾನು ಅಲ್ಲಿಯೇ ಮೊಳೆ ಹೊಡೆದು ಫೋಟೋ ತೂಗುಹಾಕಿದೆ. ನೀಲವ್ವ ಅದರ ಮುಂದೆ ನಿಲ್ಲಲೂ ಇಲ್ಲ. ಆ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಿದಳು. ಅದು ಹಾದಿಯ ಕಡೆಯ ಕಿಟಕಿಗೆ ಹೋಗುತ್ತಿತ್ತು.

"ಇಲ್ಲಿ ಬ್ಯಾಡ. ಆ ಗ್ವಾಡಿಗೆ ಹೊಡೀರಿ."

ಆಕೆ ತೋರಿಸಿದ್ದು ಬದಿಯ ಗೋಡೆ, ಜೋಳದ ಚೀಲ ಇಡುವ ಮೂಲೆ. ಅಲ್ಲಿ ಹಾಕಿದರೆ ಬಂದವರಿಗೆ ಕಾಣುವುದಿಲ್ಲ ಎಂದೆ. "ಬಂದವರಿಗ್ಯಾಕ" ಎಂದಳು. ಮೊಳೆ ಕಿತ್ತು ಅಲ್ಲಿ ಹೊಡೆದೆ. ಫೋಟೋ ಹಾಕಿ ಕೆಳಗಿಳಿದು ನೋಡಿದೆ. ಉಸ್ತಾದರು ನನ್ನನ್ನು ನೋಡಲಿಲ್ಲ, ನೆಂಟರನ್ನೂ ನೋಡಲಿಲ್ಲ. ಹುಬ್ಬಿಗೆ ದಾರ ಹಿಡಿದುಕೊಂಡು, ಕಿವಿಗೊಟ್ಟವರ ಹಾಗೆ, ನೇರವಾಗಿ ಅಡುಗೆ ಮನೆಯ ಬಾಗಿಲ ಕಡೆ ತಿರುಗಿದ್ದರು.

ನೀಲವ್ವ ಹೋಗಿ ಆ ಬಾಗಿಲಲ್ಲಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಅವರಿಗೆ ಕೇಳಿಸುವಷ್ಟು ದೊಡ್ಡದಾಗಿಯೇ ಕೇಳಿದಳು.

"ಚಾ ತರ್ಲೇನ್ರೀ?"